ಶುಕ್ರವಾರದ ಕಾಗದ

ನವೆಂಬರ್ ಕೊನೆಯ ವಾರ. ಶಾಲೆಯ ಬಸ್ಸಿಳಿದು ಬಂದ ಮಗಳು ಬಾಗಿಲಲ್ಲೇ ಕೂತು ಶೂ ಬಿಚ್ಚುತ್ತಾ ಕೇಳಿದಳು. "ಅಮ್ಮ, ನಾನು ಸ್ನೋ ಮೇಲೆ ಆಡೋದು ಯಾವಾಗ?"

ನನಗೆ ಅರ್ಥವಾಗಲಿಲ್ಲ. ನಾವಿರುವುದು ಅಮೆರಿಕದ ಮಿನ್ನೆಸೋಟಾದಲ್ಲಿ, ಮಿನಿಯಾಪೊಲಿಸ್ ಪಕ್ಕದ ಒಂದು ಊರಲ್ಲಿ. ಹೊರಗೆ ಎಲ್ಲಿ ನೋಡಿದರೂ ಸ್ನೋ. "ದಿನಾ ಆಟದ ಬಿಡುವಲ್ಲಿ ಆಡ್ತೀಯಲ್ಲ ಪುಟ್ಟಿ?" ಅಂದೆ.

"ಇಲ್ಲ. ನಾನು ಕಪ್ಪು ಜಾಗದಲ್ಲಿ ನಿಂತ್ಕೋತೀನಿ."

ಕಪ್ಪು ಜಾಗ ಅಂದರೆ ಶಾಲೆಯ ಹಿಂದಿನ ಡಾಂಬರು ಹಾಕಿದ ಅಂಗಳ. ಅದರಾಚೆ ಹುಲ್ಲಿನ ದಿಬ್ಬ. ಚಳಿಗಾಲದಲ್ಲಿ ಆ ದಿಬ್ಬವೇ ಮಕ್ಕಳ ಜಾರುಬಂಡೆ. ಸ್ನೋ ಪ್ಯಾಂಟ್ ಮತ್ತು ಬೂಟು ಎರಡೂ ಇದ್ದವರು ಮಾತ್ರ ಅಲ್ಲಿಗೆ ಹೋಗಬಹುದು. ಇಲ್ಲದವರು ಡಾಂಬರಿನ ಮೇಲೇ ಇರಬೇಕು. ನಿಯಮದಲ್ಲಿ ತಪ್ಪಿಲ್ಲ. ಮಾಮೂಲಿ ಪ್ಯಾಂಟಿನಲ್ಲಿ ಸ್ನೋ ಮೇಲೆ ಜಾರಿದ ಮಗು ಮಧ್ಯಾಹ್ನವೆಲ್ಲಾ ಒದ್ದೆ ಬಟ್ಟೆಯಲ್ಲೇ ಕೂರಬೇಕಾಗುತ್ತದೆ. ಆದರೆ ನನ್ನ ಮಗಳಿಗೆ ಆ ನಿಯಮ ಗೊತ್ತಿರಲಿಲ್ಲ. ಜಾರುವುದಕ್ಕೆ ಎಲ್ಲರಿಗೂ ಒಂದೊಂದು ಸರದಿ ಇದೆ, ತನ್ನ ಸರದಿ ಇನ್ನೂ ಬಂದಿಲ್ಲ ಅಂದುಕೊಂಡಿದ್ದಳು. ಹೀಗೆ ನಾಲ್ಕು ದಿನ ನಿಂತಿದ್ದಾಳೆ. ಕಾದಿದ್ದಾಳೆ.

ಆ ರಾತ್ರಿ ಫೋನ್ ತೆಗೆದು ಹುಡುಕಿದೆ. ಶಾಲೆ ಪ್ರತಿ ಶುಕ್ರವಾರ ಫೋನಿಗೆ ಕಳಿಸುವ ಸುದ್ದಿಪತ್ರಕ್ಕೆ ನಾವು ಶುಕ್ರವಾರದ ಕಾಗದ ಅನ್ನುತ್ತೇವೆ. ಎರಡು ವಾರ ಹಿಂದಿನ ಕಾಗದದಲ್ಲಿ ಆ ನಿಯಮ ಇತ್ತು. ಪ್ರಿನ್ಸಿಪಾಲರ ಮಾತು, ಪುಸ್ತಕ ಮೇಳದ ಫೋಟೋ, ಪೋಷಕರ ಸಂಘದ ಸಭೆ, ಡಬ್ಬಿ ಆಹಾರ ಸಂಗ್ರಹ, ಇಷ್ಟೆಲ್ಲಾ ಆದ ಮೇಲೆ ಏಳನೇ ಪ್ಯಾರಾದಲ್ಲಿ ಒಂದು ಸಾಲು: ಹಿಮದಲ್ಲಿ ಆಡಲು ಸ್ನೋ ಪ್ಯಾಂಟ್ ಮತ್ತು ಬೂಟು ಕಡ್ಡಾಯ. ನನಗೆ ಆಗ ಎಂಟು ತಿಂಗಳು. ಸಂಜೆ ಆದರೆ ಕಾಲು ಊದಿಕೊಳ್ಳುತ್ತಿತ್ತು. ಶುಕ್ರವಾರದ ಕಾಗದವನ್ನು ಮೇಲಿಂದ ನಾಲ್ಕು ಸಾಲು ನೋಡಿ ಮುಚ್ಚಿಬಿಡುತ್ತಿದ್ದೆ. ಓದದವಳು ನಾನು. ಡಾಂಬರಿನ ಮೇಲೆ ನಿಂತವಳು ಅವಳು.

ಶನಿವಾರ ಅಂಗಡಿಗೆ ಹೋಗೋಣ ಅಂತ ಮಾತಾಡಿಕೊಂಡೆವು. ಆದರೆ ಮರುದಿನವೇ ಮಗಳು ನೀಲಿ ಸ್ನೋ ಪ್ಯಾಂಟ್ ಹಾಕಿಕೊಂಡು ಬಸ್ಸಿಳಿದಳು. ಮಂಡಿಯ ಹತ್ತಿರ ಸಣ್ಣ ತೇಪೆ. ಸೊಂಟದ ಪಟ್ಟಿಯ ಒಳಗೆ ಯಾವುದೋ ಮಗುವಿನ ಹೆಸರು. ಅದನ್ನು ಮಾರ್ಕರ್‌ನಿಂದ ಹೊಡೆದು ಹಾಕಿತ್ತು. ಶಾಲೆಯ ನರ್ಸ್ ಕೋಣೆಯಲ್ಲಿ ಒಂದು ಬೀರು ಇದೆಯಂತೆ. ಚಿಕ್ಕದಾದ ಜಾಕೆಟ್ಟು, ಪ್ಯಾಂಟು, ಬೂಟುಗಳನ್ನು ಮನೆಯವರು ಒಗೆದು ತಂದು ಅದರಲ್ಲಿ ಇಡುತ್ತಾರೆ. ಟೀಚರ್ ಗಮನಿಸಿ ಅಲ್ಲಿಂದ ತೆಗೆದು ಕೊಟ್ಟಿದ್ದರು. ಜೊತೆಗೆ ಒಂದು ಚೀಟಿ: ಚಳಿಗಾಲ ಮುಗಿಯುವ ತನಕ ಇಟ್ಟುಕೊಳ್ಳಿ. ಯಾಕೆ ಕೊಡಿಸಿಲ್ಲ ಅನ್ನುವ ಪ್ರಶ್ನೆ ಅದರಲ್ಲಿ ಇರಲಿಲ್ಲ. ನಾನು ಆ ಚೀಟಿಯನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಅವತ್ತಿನಿಂದ ಶುಕ್ರವಾರದ ಕಾಗದವನ್ನು ಕೊನೆಯ ಸಾಲಿನ ತನಕ ಓದಲು ಶುರು ಮಾಡಿದೆ.

ಡಿಸೆಂಬರ್ ಎರಡನೇ ವಾರ ಬಾಣಂತನಕ್ಕೆ ಅಂತ ತಿಪಟೂರಿಂದ ಅಮ್ಮ ಬಂದರು. ಅಮ್ಮ 31 ವರ್ಷ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಟೀಚರ್ ಆಗಿದ್ದವರು. ಅದರಲ್ಲಿ ಜಾಸ್ತಿ ವರ್ಷ ಒಂದು, ಎರಡನೇ ತರಗತಿ. ಹಳ್ಳಿಯಲ್ಲಿ ಅವರನ್ನು ಈಗಲೂ ಮೇಡಮ್ಮ ಅಂತಲೇ ಕರೆಯುತ್ತಾರೆ. ಬಂದ ಮೊದಲ ಶುಕ್ರವಾರ ನಾನು ಸೋಫಾದಲ್ಲಿ ಒರಗಿ ಫೋನ್ ನೋಡುತ್ತಿದ್ದೆ. "ಏನೇ ಅದು, ಇಷ್ಟೊತ್ತಿಂದ ಓದ್ತಿದೀಯ?" ಅಂದರು. ಶಾಲೆಯ ಕಾಗದ ಅಂದೆ. "ಜೋರಾಗಿ ಓದು. ಕನ್ನಡದಲ್ಲಿ ಓದು," ಅಂತ ಪಕ್ಕದಲ್ಲಿ ಕೂತರು.

ಮೊದಲು ಸುಲಭದ ದಾರಿ ಹಿಡಿದೆ. ಶಾಲೆಯ ಆ್ಯಪ್‌ನಲ್ಲಿ ಭಾಷೆ ಬದಲಾಯಿಸುವ ಗುಂಡಿ ಇದೆ. ಅದನ್ನು ಒತ್ತಿದರೆ ಕಾಗದ ಪೂರ್ತಿ ಕನ್ನಡ ಆಗುತ್ತದೆ. ಫೋನನ್ನು ಅಮ್ಮನ ಕೈಗೆ ಕೊಟ್ಟೆ. ಅಮ್ಮ ಕನ್ನಡಕ ಏರಿಸಿಕೊಂಡು ಓದಲು ಶುರು ಮಾಡಿದರು. "ಬುಧವಾರ ಆರಂಭಿಕ ಬಿಡುಗಡೆ ಇದೆ." ನಿಲ್ಲಿಸಿ ನನ್ನ ಮುಖ ನೋಡಿದರು. "ಯಾರಿಗೆ ಬಿಡುಗಡೆ?" ಮಕ್ಕಳನ್ನು ಅವತ್ತು ಎರಡು ಗಂಟೆ ಮುಂಚೆ ಮನೆಗೆ ಕಳಿಸ್ತಾರೆ ಕಣಮ್ಮ ಅಂದೆ. "ಹಾಗಂತ ಹೇಳೋದಲ್ವಾ. ಬುಧವಾರ ಶಾಲೆ ಬೇಗ ಬಿಡ್ತಾರೆ ಅಂತ." ಮುಂದಿನ ಸಾಲು, "ಮುಂದಿನ ವಾರ ಆತ್ಮ ವಾರ." ಅಮ್ಮ ಫೋನನ್ನು ವಾಪಸ್ ಕೊಟ್ಟುಬಿಟ್ಟರು. ಇಂಗ್ಲಿಷಲ್ಲಿ ಅದು ಸ್ಪಿರಿಟ್ ವೀಕ್. ಶಾಲೆಯ ಮೇಲಿನ ಅಭಿಮಾನ ತೋರಿಸಲು ದಿನಕ್ಕೊಂದು ಥರದ ಬಟ್ಟೆ ಹಾಕಿಕೊಂಡು ಹೋಗುವ ವಾರ. ಒಂದು ದಿನ ರಾತ್ರಿ ಮಲಗುವ ಬಟ್ಟೆಯಲ್ಲೇ ಹೋಗಬಹುದು. ಮಕ್ಕಳಿಗೆ ಅದು ಹಬ್ಬದಷ್ಟೇ ದೊಡ್ಡದು.

ಹೀಗೆ ಓದುವ ಕೆಲಸ ನನ್ನದಾಯಿತು. ಪ್ರತಿ ಶುಕ್ರವಾರ ಸಂಜೆ, ಊಟಕ್ಕೆ ಮುಂಚೆ. ಇಂಗ್ಲಿಷಲ್ಲಿ ಓದಿ, ಅಮ್ಮನಿಗೆ ಗೊತ್ತಾಗುವ ಹಾಗೆ ಕನ್ನಡದಲ್ಲಿ ಹೇಳಬೇಕು. ನಾನು ಇಂಗ್ಲಿಷ್ ಓದಿ ಕೆಲಸ ಮಾಡುವವಳು, ಇದೇನು ಮಹಾ ಅಂದುಕೊಂಡಿದ್ದೆ. ಹಾಗೆ ಹೇಳಲು ಹೋದಾಗಲೇ ಗೊತ್ತಾಗಿದ್ದು, ಅದರಲ್ಲಿ ಅರ್ಧದಷ್ಟು ವಿಷಯ ನನಗೂ ಸರಿಯಾಗಿ ತಲೆಗೆ ಹೋಗಿರಲಿಲ್ಲ ಅಂತ.

ಉದಾಹರಣೆಗೆ ಚಳಿಯ ಲೆಕ್ಕ. ಗಾಳಿಯನ್ನೂ ಸೇರಿಸಿ ಮೈಗೆ ತಾಗುವ ಚಳಿ ಸೊನ್ನೆ ಫ್ಯಾರನ್‌ಹೀಟ್‌ಗಿಂತ ಕೆಳಗೆ ಹೋದರೆ ಮಕ್ಕಳನ್ನು ಹೊರಗೆ ಬಿಡುವುದಿಲ್ಲ, ಒಳಗೇ ಆಟ ಅಂತ ನಮ್ಮ ಶಾಲೆಯ ಕಾಗದ ಹೇಳುತ್ತದೆ. ಸೊನ್ನೆ ಫ್ಯಾರನ್‌ಹೀಟ್ ಅಂದರೆ ನಮ್ಮ ಲೆಕ್ಕದಲ್ಲಿ ಮೈನಸ್ 18. ಅಮ್ಮ ಎರಡು ಸಲ ಕೇಳಿದರು. "ಮೈನಸ್ ಹದಿನೇಳಾದ್ರೆ?" ಹೊರಗೆ ಬಿಡ್ತಾರೆ. "ಐದು ವರ್ಷದ ಮಕ್ಕಳನ್ನ?" ಹೌದು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು, "ನಾವೂ ಹೊರಗೇ ಕೂರಿಸ್ತಿದ್ವಿ ಬಿಡು."

ಡಿಸೆಂಬರ್, ಜನವರಿಯ ಬೆಳಗ್ಗೆ ತಿಪಟೂರು ಕಡೆಯ ಹಳ್ಳಿ ಶಾಲೆಯ ಕೋಣೆಗಳು ತಣ್ಣಗೆ ಕೊರೆಯುತ್ತವೆ. ಕಲ್ಲಿನ ಗೋಡೆ, ಬರಿ ನೆಲ, ಒಂದೇ ಕಿಟಕಿ. ಎಷ್ಟೋ ಮಕ್ಕಳಿಗೆ ಸ್ವೆಟರ್ ಇರುತ್ತಿರಲಿಲ್ಲ. ಅಮ್ಮ ಪ್ರಾರ್ಥನೆ ಮುಗಿದ ಮೇಲೆ ಮೊದಲನೇ ಪೀರಿಯಡ್ಡನ್ನು ಬಿಸಿಲಲ್ಲೇ ಮಾಡುತ್ತಿದ್ದರು. ಗೋಡೆಯ ನೆರಳು ಸರಿದ ಹಾಗೆ ಮಕ್ಕಳ ಸಾಲೂ ಸರಿಯುತ್ತಿತ್ತು. "ಮಗ್ಗಿ ಅರ್ಧ ಆಗೋ ಹೊತ್ತಿಗೆ ಹೊಂಗೆ ಮರದ ತನಕ ಹೋಗಿರ್ತಿದ್ವಿ," ಅಂತ ನೆನೆಸಿಕೊಂಡರು. ಅದಕ್ಕೆ ಯಾರೂ ಸುತ್ತೋಲೆ ಕಳಿಸಿರಲಿಲ್ಲ. ಮಕ್ಕಳ ತುಟಿ ನೋಡಿ ಮಾಡಿದ್ದು ಅಷ್ಟೆ.

ಇಲ್ಲಿನ ಚಳಿ ಮಾತ್ರ ಬೇರೆಯೇ ಜಾತಿ. ಅಮೆರಿಕದ ಹವಾಮಾನ ಇಲಾಖೆಯ ಪಟ್ಟಿಯ ಪ್ರಕಾರ, ಗಾಳಿ ಸೇರಿ ಮೈನಸ್ 19 ಫ್ಯಾರನ್‌ಹೀಟ್ ಆದರೆ ಮುಚ್ಚಿಕೊಳ್ಳದ ಚರ್ಮ ಅರ್ಧ ಗಂಟೆಯಲ್ಲಿ ಮರಗಟ್ಟಿ ಹೆಪ್ಪುಗಟ್ಟಬಹುದು. 2014ರ ಜನವರಿ 6ರಂದು ಚಳಿಗೆ ಹೆದರಿ ಗವರ್ನರ್ ಇಡೀ ರಾಜ್ಯದ ಶಾಲೆಗಳನ್ನು ಮುಚ್ಚಿಸಿದ್ದರು. ಅದಕ್ಕೂ ಮುಂಚೆ ಹಾಗೆ ಆಗಿದ್ದು 1997ರಲ್ಲಿ. 2019ರ ಜನವರಿ 30ರ ಬೆಳಗ್ಗೆ ಮಿನಿಯಾಪೊಲಿಸ್‌ನಲ್ಲಿ ಮೈನಸ್ 28 ಫ್ಯಾರನ್‌ಹೀಟ್, ಅಂದರೆ ಮೈನಸ್ 33 ಸೆಲ್ಸಿಯಸ್ ಇತ್ತು. ಆಗಲೂ ಇಲ್ಲಿನ ಶಾಲೆಗಳು ಕೆಲವು ದಿನ ಬಾಗಿಲು ಹಾಕಿದ್ದವು. ಅಕ್ಕಪಕ್ಕದವರು ಆ ವಾರದ ಕಥೆಯನ್ನು ಈಗಲೂ ಹೇಳುತ್ತಾರೆ. ಈಗ ಅಂಥ ದಿನ ಮನೆಯಿಂದಲೇ ಪಾಠ ಮಾಡಿಸಿಬಿಡಬಹುದು. ಕಿಂಡರ್‌ಗಾರ್ಟನ್ ಮಕ್ಕಳಿಗೆ ಅದು ಪಾಠ ಅಂತ ನನಗೆ ಅನ್ನಿಸುವುದಿಲ್ಲ. ಕಂಪ್ಯೂಟರ್ ಮುಂದೆ ಕೂತ ಮಗುವಿನ ಪಕ್ಕ ದೊಡ್ಡವರೊಬ್ಬರು ಕೂರಲೇಬೇಕು. ಕೆಲಸಕ್ಕೆ ಹೋಗುವ ಅಪ್ಪ ಅಮ್ಮ ಎಲ್ಲಿ ಕೂರುತ್ತಾರೆ?

ಆದರೆ ಆ ಕಿಂಡರ್‌ಗಾರ್ಟನ್ ಟೀಚರ್ ಬಗ್ಗೆ ನನಗೆ ಬಹಳ ಗೌರವ. 22 ಮಕ್ಕಳಿಗೆ ದಿನಕ್ಕೆ ಎರಡು ಸಲ ಚಳಿಯ ಬಟ್ಟೆ ಹಾಕಿಸಿ ಬಿಚ್ಚಿಸುವುದು ಅಂದರೆ ಸುಮ್ನೆ ಅಲ್ಲ. ಜನವರಿಯ ಒಂದು ಕಾಗದದಲ್ಲಿ ಅವರು ಅದರ ಕ್ರಮವನ್ನು ಚಿತ್ರ ಸಮೇತ ಹಾಕಿದ್ದರು, ಮನೆಯಲ್ಲೂ ಅಭ್ಯಾಸ ಮಾಡಿಸಿ ಅಂತ. ಮೊದಲು ಟಾಯ್ಲೆಟ್ಟಿಗೆ ಹೋಗಿ ಬರಬೇಕು. ಆಮೇಲೆ ಸ್ನೋ ಪ್ಯಾಂಟ್. ಆಮೇಲೆ ಬೂಟು. ಆಮೇಲೆ ಜಾಕೆಟ್, ಟೋಪಿ. ಕೊನೆಗೆ ಮಿಟನ್ಸ್, ಅಂದರೆ ಹೆಬ್ಬೆರಳು ಬಿಟ್ಟು ಉಳಿದ ಬೆರಳುಗಳೆಲ್ಲ ಒಂದೇ ಗೂಡಿನಲ್ಲಿ ಕೂರುವ ಕೈಗವಸು. ಮಿಟನ್ಸ್ ಮೊದಲೇ ಹಾಕಿಕೊಂಡರೆ ಜಿಪ್ ಎಳೆಯಲು ಆಗುವುದಿಲ್ಲ. ಬೂಟು ಮೊದಲು ಹಾಕಿದರೆ ಪ್ಯಾಂಟ್ ತೂರುವುದಿಲ್ಲ.

ಜಾಕೆಟ್ ಹಾಕುವ ಉಪಾಯವಂತೂ ಅಮ್ಮನಿಗೆ ಬಹಳ ಹಿಡಿಸಿತು. ಜಾಕೆಟ್ಟನ್ನು ನೆಲದ ಮೇಲೆ ಅಂಗಾತ ಬಿಚ್ಚಿ ಹರವಬೇಕು. ಕುತ್ತಿಗೆಯ ಕಡೆ ಮಗುವಿನ ಕಾಲಿನ ಹತ್ತಿರ ಇರಬೇಕು. ಮಗು ಬಗ್ಗಿ ಎರಡೂ ಕೈಯನ್ನು ಎರಡೂ ತೋಳಿನೊಳಗೆ ತೂರಿಸಿ, ಹಾಗೇ ತಲೆಯ ಮೇಲಿಂದ ಹಿಂದಕ್ಕೆ ಎತ್ತಿ ಹಾಕಬೇಕು. ಜಾಕೆಟ್ ತಾನಾಗಿ ಬೆನ್ನ ಮೇಲೆ ಬಂದು ಕೂರುತ್ತದೆ. ಮಗಳು ಹಾಲ್‌ನಲ್ಲಿ ಅಜ್ಜಿಗೆ ಮಾಡಿ ತೋರಿಸಿದಳು. ಅಮ್ಮ ಇನ್ನೊಂದು ಸಲ ಮಾಡಿಸಿದರು. "ಇದನ್ನ ಕಂಡುಹಿಡಿದೋಳು ಖಂಡಿತ ಒಂದನೇ ಕ್ಲಾಸ್ ಟೀಚರೇ. ಬೇರೆಯವರಿಗೆ ಹೊಳೆಯಲ್ಲ," ಅಂದರು.

ಕಳೆದುಹೋದ ಸಾಮಾನಿನ ಮೇಜಿನ ಫೋಟೋ ಹೆಚ್ಚು ಕಡಿಮೆ ಎಲ್ಲ ಕಾಗದದಲ್ಲೂ ಇರುತ್ತಿತ್ತು. ಒಂಟಿ ಮಿಟನ್‌ಗಳ ರಾಶಿ. ಕೆಂಪು ಒಂದು, ಹಸಿರು ಒಂದು, ಡೈನೋಸಾರ್ ಚಿತ್ರದ್ದು ಒಂದು. ಯಾವುದರ ಮೇಲೂ ಹೆಸರಿಲ್ಲ. ಅಮ್ಮ ಫೋಟೋ ದೊಡ್ಡದು ಮಾಡಿ ನೋಡಿದರು. ಅವತ್ತು ರಾತ್ರಿ ಮೊಮ್ಮಗನ ಕುಲಾವಿ ಹೆಣೆಯಲು ತಂದಿದ್ದ ಉಲನ್ನಿನಲ್ಲಿ ಉದ್ದನೆಯ ಹುರಿ ಹೆಣೆದರು. ಒಂದು ತುದಿಗೆ ಎಡಗೈದು, ಇನ್ನೊಂದು ತುದಿಗೆ ಬಲಗೈದು ಹೊಲಿದು, ಹುರಿಯನ್ನು ಜಾಕೆಟ್ಟಿನ ಒಂದು ತೋಳಿನಿಂದ ತೂರಿಸಿ ಬೆನ್ನಿನ ಒಳಗಿಂದ ಇನ್ನೊಂದು ತೋಳಿಗೆ ತಂದರು. "ಕರುಗೆ ಕಣ್ಣಿ ಹಾಕಿದ ಹಾಗೆ. ಇನ್ನೆಲ್ಲೂ ಹೋಗಲ್ಲ." ಇಲ್ಲಿಯ ಅಜ್ಜಿಯರೂ ಹೀಗೇ ಮಾಡುತ್ತಿದ್ದರಂತೆ. ಬಸ್ ನಿಲ್ಲುವಲ್ಲಿ ಸಿಗುವ ಪಕ್ಕದ ಬೀದಿಯ ಹಿರಿಯರೊಬ್ಬರು ಅದನ್ನು ನೋಡಿ, ತಮ್ಮ ಅಜ್ಜಿಯೂ ಹೀಗೇ ಹಾಕಿಕೊಡುತ್ತಿದ್ದರು ಅಂತ ನಿಂತು ಮಾತಾಡಿಸಿದರು.

ಡಿಸೆಂಬರ್ ಕೊನೆಯಲ್ಲಿ ಮಗ ಹುಟ್ಟಿದ. ಅದಾದ ಮೇಲೆ ಶುಕ್ರವಾರದ ಓದು ನನ್ನ ಮಂಚದ ಪಕ್ಕಕ್ಕೆ ಬಂತು. ಅಮ್ಮ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಕೇಳುತ್ತಿದ್ದರು. ಮಗಳು ನನ್ನ ಪಕ್ಕ ಒತ್ತಿಕೊಂಡು ಕೂರುತ್ತಿದ್ದಳು.

ಊಟದ ವಿಷಯ ಬಂದಾಗ ಅಮ್ಮನಿಗೆ ಎಲ್ಲಿಲ್ಲದ ಆಸಕ್ತಿ. ಮಿನ್ನೆಸೋಟಾದಲ್ಲಿ 2023ರಲ್ಲಿ ಒಂದು ಕಾನೂನು ಬಂತು. ಅದರಿಂದ ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಬೆಳಗಿನ ತಿಂಡಿ ಮತ್ತು ಮಧ್ಯಾಹ್ನದ ಊಟ ಉಚಿತ, ಮನೆಯ ಆದಾಯ ಎಷ್ಟೇ ಇರಲಿ. ಆದರೂ ಆದಾಯದ ಫಾರಂ ತುಂಬಿಕೊಡಿ ಅಂತ ಕಾಗದದಲ್ಲಿ ಮೇಲಿಂದ ಮೇಲೆ ಕೇಳುತ್ತಾರೆ. ಊಟ ಹೇಗೂ ಉಚಿತ, ಫಾರಂ ಯಾಕೆ ಅಂತ ಬಹಳ ಮನೆಯವರು ಬಿಟ್ಟುಬಿಡುತ್ತಾರೆ. ಅದರ ಲೆಕ್ಕದ ಮೇಲೆ ಶಾಲೆಗೆ ಹೆಚ್ಚಿನ ಸಹಾಯದ ಹಣ ಬರುತ್ತದೆ. ಓದಿನಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ಜಾಸ್ತಿ ಗಮನ ಕೊಡುವ ಟೀಚರ್‌ಗಳ ಸಂಬಳ ಅಂಥ ಹಣದಿಂದಲೇ ಬರಬೇಕು. ನನಗೂ ಇದು ಗೊತ್ತಿರಲಿಲ್ಲ. ಅಮ್ಮನಿಗೆ ವಿವರಿಸಲು ಹೋಗಿ ಎರಡು ಸಲ ಓದಿದ ಮೇಲೆ ಗೊತ್ತಾಯಿತು. ಆ ಪ್ಯಾರಾದಲ್ಲಿ ಇಷ್ಟು ನೇರವಾಗಿ ಬರೆದಿದ್ದರೆ ಎಷ್ಟು ಜನ ತುಂಬುತ್ತಿದ್ದರೋ.

ಅಮ್ಮ ಅಕ್ಷರ ದಾಸೋಹದ ಕಾಲ ನೆನೆಸಿಕೊಂಡರು. 2002ರಲ್ಲಿ ಉತ್ತರ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಬಿಸಿಯೂಟ ಶುರುವಾಗಿ, ಮುಂದಿನ ವರ್ಷ ನಮ್ಮ ಕಡೆಗೂ ಬಂತು. ಮೊದಲ ದಿನ ಕೆಲವು ಮನೆಯವರು ಮಕ್ಕಳಿಗೆ ತಟ್ಟೆ ಕೊಟ್ಟು ಕಳಿಸಿರಲಿಲ್ಲವಂತೆ. ಮಕ್ಕಳು ತಟ್ಟೆ ತರಬೇಕು ಅನ್ನುವ ಸುದ್ದಿ ಆ ಮನೆಗಳಿಗೆ ಮುಟ್ಟಿರಲಿಲ್ಲ. "ಒಂಬತ್ತು ಮಕ್ಕಳು ಬರೀ ಕೈಲಿ ಕೂತಿದ್ವು. ಅಡುಗೆಯವಳು ಮುತ್ತುಗದ ಎಲೆ ತಂದಳು, ಅದರಲ್ಲಿ ಬಡಿಸಿದ್ವಿ." ಇದನ್ನು ಹೇಳುವಾಗ ಅಮ್ಮನ ಕಣ್ಣು ನನ್ನ ಮಗಳ ಮೇಲಿತ್ತು. ಡಾಂಬರಿನ ಮೇಲೆ ನಾಲ್ಕು ದಿನ ನಿಂತ ಕಥೆಯನ್ನು ಅಮ್ಮನಿಗೆ ನಾನು ಅದಾಗಲೇ ಹೇಳಿದ್ದೆ.

ಆಮೇಲಿಂದ ಅಮ್ಮ ಹೇಗೆ ಮಾಡುತ್ತಿದ್ದರು ಅಂದರೆ, ಮನೆಗೆ ಹೋಗಬೇಕಾದ ಮಾತನ್ನು ಮಕ್ಕಳ ಬಾಯಿಗೇ ಕೊಡುತ್ತಿದ್ದರು. ಶಾಲೆ ಬಿಡುವ ಮುಂಚೆ ಎಲ್ಲರನ್ನೂ ನಿಲ್ಲಿಸಿ ಮೂರು ಸಲ ಹೇಳಿಸುವುದು. "ನಾಳೆ ತಟ್ಟೆ, ಲೋಟ ತರಬೇಕು. ನಾಳೆ ತಟ್ಟೆ, ಲೋಟ ತರಬೇಕು." ಚೀಟಿ ಕೊಟ್ಟರೆ ಓದುವವರು ಆ ಮನೆಗಳಲ್ಲಿ ಕಡಿಮೆ. ಮಗು ದಾರಿಯುದ್ದಕ್ಕೂ ಹೇಳಿಕೊಂಡೇ ಹೋಗುತ್ತಿತ್ತು. ಯಾರಾದರೂ ಮಾತಾಡಿಸಿದರೆ ಮರೆತುಹೋಗುತ್ತದೆ ಅಂತ ಬಾಯಿ ಬಿಡದೆ ಓಡುವ ಮಕ್ಕಳೂ ಇದ್ದವಂತೆ.

ಸಂಕ್ರಾಂತಿ ಬಂತು. ತರಗತಿಗೆ ಎಳ್ಳು ಬೀರೋಣ ಅಂತ ಅಮ್ಮನ ಆಸೆ. ಊರಿಂದ ಸಕ್ಕರೆ ಅಚ್ಚು ತಂದಿದ್ದರು. ಕೊಬ್ಬರಿಯಂತೂ ತಿಪಟೂರಿನದೇ, ಕೇಳಬೇಕೇ? ಸಣ್ಣಗೆ, ಒಂದೇ ಸಮನೆ ಹೆಚ್ಚಿ ಇಟ್ಟಿದ್ದರು. ಆದರೆ ಕಾಗದದಲ್ಲಿ ಮನೆಯಲ್ಲಿ ಮಾಡಿದ ತಿಂಡಿ ತರುವ ಹಾಗಿಲ್ಲ ಅಂತ ಇತ್ತು. ಕಡಲೆಕಾಯಿ ಬೀಜಕ್ಕೆ ಉಸಿರು ಕಟ್ಟುವ ಮಕ್ಕಳಿದ್ದಾರೆ. 2023ರ ಜನವರಿಯಿಂದ ಇಲ್ಲಿನ ಕಾನೂನು ಎಳ್ಳನ್ನೂ ಮುಖ್ಯ ಅಲರ್ಜಿ ಪದಾರ್ಥಗಳ ಪಟ್ಟಿಗೆ ಸೇರಿಸಿದೆ, ಒಂಬತ್ತನೆಯದಾಗಿ. ಎಳ್ಳು ಬೆಲ್ಲದಲ್ಲಿ ಇವೆರಡೂ ಇವೆ. ಅಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. "ಒಂದು ಮಗುಗೆ ಆಗಲ್ಲ ಅಂದ್ರೆ ಬೇಡ." ಮಗಳು ಕಬ್ಬಿನ ಜಲ್ಲೆ, ಹಸು, ಸೂರ್ಯನ ಚಿತ್ರ ಬರೆದು 22 ಸಣ್ಣ ಕಾರ್ಡ್ ಮಾಡಿದಳು. ಹಸುವಿನ ಕೊಂಬಿಗೆ ಬಣ್ಣ ಬಳಿದಿದ್ದಳು. ಫೆಬ್ರುವರಿಯಲ್ಲಿ ವ್ಯಾಲೆಂಟೈನ್ ಕಾರ್ಡ್ ಹಂಚುವ ದಿನಕ್ಕೆ ಶಾಲೆ ಒಂದು ಮಾತು ಹೇಳಿತು. ತಂದರೆ ತರಗತಿಯ ಎಲ್ಲರಿಗೂ ತರಬೇಕು, ಯಾರನ್ನೂ ಬಿಡಬಾರದು, ಹೆಸರಿನ ಪಟ್ಟಿ ಕೆಳಗಿದೆ. ಎಳ್ಳು ಬೀರುವಾಗ ಬೀದಿಯ ಒಂದು ಮನೆಯನ್ನೂ ಬಿಡಬಾರದು ಅಂತ ಅಮ್ಮ ನನ್ನನ್ನು ಚಿಕ್ಕಂದಿನಲ್ಲಿ ಎಷ್ಟು ಸಲ ವಾಪಸ್ ಕಳಿಸಿದ್ದಾರೋ. ಜಗಳ ಆಡಿ ಮಾತು ಬಿಟ್ಟ ಮನೆಗೂ.

ಇನ್ನು ನೂರನೇ ದಿನದ ವಿಷಯ ಹೇಳಲೇಬೇಕು. ಸೆಪ್ಟೆಂಬರ್ ಮೊದಲಲ್ಲಿ ಶುರುವಾದ ಶಾಲೆಗೆ ಫೆಬ್ರುವರಿ ಎರಡನೇ ವಾರ ನೂರು ದಿನ ತುಂಬಿತು. ಕಿಂಡರ್‌ಗಾರ್ಟನ್‌ನಲ್ಲಿ ಅದೊಂದು ದೊಡ್ಡ ಸಂಭ್ರಮ. ಮನೆಯಿಂದ ಯಾವುದಾದರೂ ನೂರು ವಸ್ತು ಎಣಿಸಿ ತನ್ನಿ ಅಂತ ಕಾಗದ ಬಂತು. ಗುಂಡಿ, ಮಣಿ, ಸ್ಟಿಕ್ಕರ್, ಏನಾದರೂ. ಅಮ್ಮ ಅಡುಗೆಮನೆಯ ಮೂಲೆಗೆ ಹೋದರು. ಅಲ್ಲಿ ಇಂಡಿಯನ್ ಅಂಗಡಿಯಿಂದ ತಂದ ತೆಂಗಿನ ಕಡ್ಡಿಯ ಹೊಸ ಪೊರಕೆ ಇತ್ತು, ಇನ್ನೂ ಬಳಸಿರಲಿಲ್ಲ. ಅದರ ಕಡ್ಡಿಗಳನ್ನು ಬೆರಳುದ್ದ ಮುರಿದು, ತುದಿ ಉಜ್ಜಿ ನುಣ್ಣಗೆ ಮಾಡಿದರು. ಮಗಳು ಎಣಿಸಿದಳು. ಹತ್ತಾದ ಕೂಡಲೇ ದಾರ ಕಟ್ಟು. ಮತ್ತೆ ಹತ್ತು, ಮತ್ತೆ ಕಟ್ಟು. ಹತ್ತು ಕಟ್ಟು ಸೇರಿಸಿ ಒಂದು ದೊಡ್ಡ ಕಟ್ಟು. ಬಿಡಿ, ಹತ್ತು, ನೂರು. ಅಮ್ಮ 31 ವರ್ಷ ಕಲಿಸಿದ್ದು ಹೀಗೇ. ಆಡುತ್ತಾ ಕಲಿಸುವ ನಲಿ-ಕಲಿ ಪದ್ಧತಿ ಸರ್ಕಾರಿ ಶಾಲೆಗೆ ಬರುವ ಮುಂಚೆಯೂ ಹೀಗೇ, ಬಂದ ಮೇಲೂ ಹೀಗೇ.

ಅವತ್ತು ಸಂಜೆ ಟೀಚರ್ ಕಳಿಸಿದ ಫೋಟೋ ನೋಡಿದೆವು. ತರಗತಿಯ ಗೋಡೆಯ ಮೇಲೆ ಮೂರು ಜೇಬು ನೇತು ಹಾಕಿದ್ದಾರೆ. ಶಾಲೆ ಶುರುವಾದ ದಿನದಿಂದ ದಿನಕ್ಕೊಂದು ಸ್ಟ್ರಾ ಮೊದಲನೇ ಜೇಬಿಗೆ. ಹತ್ತಾದರೆ ರಬ್ಬರ್ ಬ್ಯಾಂಡ್ ಹಾಕಿ ಎರಡನೇ ಜೇಬಿಗೆ. ಅವತ್ತು ಹತ್ತು ಕಟ್ಟನ್ನು ಸೇರಿಸಿ ಕಟ್ಟಿ ಮೂರನೇ ಜೇಬಿಗೆ ಹಾಕುತ್ತಿದ್ದಾರೆ. ಹಾಕುತ್ತಿರುವ ಕೈ ನನ್ನ ಮಗಳದು. ಪಕ್ಕದಲ್ಲೇ ಮೇಜಿನ ಮೇಲೆ ಅವಳ ಕಡ್ಡಿ ಕಟ್ಟು. ಅಮ್ಮ ಫೋಟೋವನ್ನು ಎಷ್ಟೋ ಹೊತ್ತು ನೋಡಿದರು. "ನಾನು ಈ ಮೇಡಮ್ಮನ್ನ ನೋಡಬೇಕಲ್ಲೇ," ಅಂದರು.

ನೋಡಿದರು. ಫೆಬ್ರುವರಿ ಕೊನೆಯಲ್ಲಿ ಪೋಷಕರ ಭೇಟಿ ಇತ್ತು, ಒಂದೊಂದು ಮನೆಗೆ 15 ನಿಮಿಷ. ಭಾಷೆಗೆ ಸಹಾಯ ಬೇಕಿದ್ದರೆ ದುಭಾಷಿಯನ್ನು ಉಚಿತವಾಗಿ ಒದಗಿಸುತ್ತೇವೆ ಅಂತ ಕಾಗದದ ಕೆಳಗೆ ಸೊಮಾಲಿ, ಮೋಂಗ್, ಸ್ಪ್ಯಾನಿಷ್ ಭಾಷೆಗಳಲ್ಲಿ ಒಂದೊಂದು ಸಾಲು ಇರುತ್ತದೆ. ಈ ಊರುಗಳಲ್ಲಿ ಸೊಮಾಲಿಯಾದಿಂದ, ಲಾವೋಸ್‌ನಿಂದ ಬಂದ ಕುಟುಂಬಗಳು ಬಹಳ. ನಮ್ಮ ಹಾಗೇ ಅವರೂ ಸ್ನೋ ಕಾಣದ ನಾಡಿನಿಂದ ಬಂದವರು. ಸರ್ಕಾರದ ಹಣ ಪಡೆಯುವ ಶಾಲೆ ಇಂಗ್ಲಿಷ್ ಬಾರದ ಪೋಷಕರಿಗೂ ಮುಖ್ಯ ವಿಷಯವನ್ನು ಅವರಿಗೆ ಅರ್ಥವಾಗುವ ಹಾಗೆ ತಿಳಿಸಬೇಕು ಅನ್ನುವುದರ ಬೇರು 1964ರ ನಾಗರಿಕ ಹಕ್ಕುಗಳ ಕಾಯ್ದೆಯಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮಕ್ಕಳ ಪರವಾಗಿ ಹೂಡಿದ ಮೊಕದ್ದಮೆಯಲ್ಲಿ 1974ರಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಸ್ಪಷ್ಟ ಮಾಡಿತು. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಟೀಚರ್ ಕೊಟ್ಟ ಮಾತ್ರಕ್ಕೆ ಸಮಾನತೆ ಆಗುವುದಿಲ್ಲ, ಭಾಷೆ ತಿಳಿಯದ ಮಗುವಿಗೆ ಅದರಿಂದ ಏನೂ ಸಿಗುವುದಿಲ್ಲ. ಆ ತೀರ್ಪು ನನಗೆ ಬಹಳ ದೊಡ್ಡದು ಅನ್ನಿಸುತ್ತದೆ.

ಆದರೆ ನನಗೆ ಇಂಗ್ಲಿಷ್ ಬರುತ್ತದೆ. ಆದರೂ ನನ್ನ ಮಗಳು ಡಾಂಬರಿನ ಮೇಲೆ ನಿಂತಳು. ಸುಸ್ತಾದ ಮನೆಗೆ, ಎರಡು ಪಾಳಿ ದುಡಿಯುವ ಮನೆಗೆ ಏಳನೇ ಪ್ಯಾರಾ ಯಾವ ಭಾಷೆಯಲ್ಲಿದ್ದರೂ ದೂರವೇ. ಭೇಟಿಯಲ್ಲಿ ಇದನ್ನೇ ಟೀಚರ್‌ಗೆ ಹೇಳಿದೆ. ಅಮ್ಮನ ಮೂರು ಸಲ ಹೇಳಿಸುವ ಪದ್ಧತಿಯನ್ನೂ ಹೇಳಿದೆ. ಅವರು ಪೆನ್ನು ತೆಗೆದು ಬರೆದುಕೊಂಡರು. ಆಮೇಲೆ ಅಮ್ಮನ ಕಡೆ ತಿರುಗಿ ಕಡ್ಡಿಯ ಕಟ್ಟುಗಳ ಬಗ್ಗೆ ಕೇಳಿದರು. ನಾನು ನಡುವೆ ಮಾತು ದಾಟಿಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವರಿಬ್ಬರಿಗೆ ನಾನು ಬೇಕಾಗಲೇ ಇಲ್ಲ. ಮೇಜಿನ ಮೇಲೆ ಕಡ್ಡಿ ಹರವಿಕೊಂಡು, ಒಂದು ಕಟ್ಟು ಬಿಚ್ಚಿ ಕಳೆಯುವ ಲೆಕ್ಕ ಹೇಗೆ ತೋರಿಸುವುದು ಅಂತ ಅಮ್ಮ ಮಾಡಿ ತೋರಿಸಿದರು. 15 ನಿಮಿಷ ಮುಗಿದು, ಬಾಗಿಲಲ್ಲಿ ಮುಂದಿನ ಮನೆಯವರು ಬಂದು ನಿಂತಿದ್ದರು.

ಮುಂದಿನ ವಾರದಿಂದ, ಟೀಚರ್ ಬೇರೆಯಾಗಿ ಕಳಿಸುವ ನಮ್ಮ ತರಗತಿಯ ಪುಟ್ಟ ಕಾಗದದ ಮೇಲ್ಭಾಗದಲ್ಲಿ ಒಂದು ಚೌಕ ಬಂತು. ಈ ವಾರ ನಿಮ್ಮ ಮಗು ತರಬೇಕಾದದ್ದು. ಅಷ್ಟೆ, ಎರಡೋ ಮೂರೋ ಸಾಲು. ಶಾಲೆಯ ದೊಡ್ಡ ಕಾಗದ ಮೊದಲಿನ ಹಾಗೇ ಉದ್ದವಾಗಿ ಬರುತ್ತಲೇ ಇತ್ತು.

ಆ ದೊಡ್ಡ ಕಾಗದಕ್ಕೆ ಅಮ್ಮ ತಾವೇ ಒಂದು ದಾರಿ ಮಾಡಿದರು. ನಮ್ಮ ಶಾಲೆಯಲ್ಲಿ ಐದು ಕನ್ನಡದ ಮನೆಗಳಿವೆ. ಅದರಲ್ಲಿ ಮೂರು ಮನೆಯಲ್ಲಿ ಆಗ ಅಜ್ಜಿಯರು ಇದ್ದರು. ಮಕ್ಕಳನ್ನು ಬಸ್ಸಿಗೆ ಹತ್ತಿಸಿ ಇಳಿಸಿಕೊಳ್ಳುವವರು, ಚೀಲ ತೆಗೆದು ನೋಡುವವರು ಅವರೇ. ಇಂಗ್ಲಿಷ್ ಕಾಗದ ಮಾತ್ರ ಅವರ ಮಗನ ಫೋನಿಗೋ ಸೊಸೆಯ ಫೋನಿಗೋ ಹೋಗುತ್ತದೆ. ಮಾರ್ಚ್ ಮೊದಲ ಶುಕ್ರವಾರ ಅಮ್ಮ ವಾಟ್ಸ್ಆ್ಯಪ್ ಗುಂಪಿಗೆ ತಮ್ಮ ದನಿಯಲ್ಲೇ ಹೇಳಿ ಕಳಿಸಿದರು. ಶಾಲೆಯಲ್ಲಿ ಪ್ರಾರ್ಥನೆಗೆ ನಿಲ್ಲಿಸುವ ಮೇಡಮ್ಮನ ದನಿ. "ನಮಸ್ಕಾರ. ಮೂರು ವಿಷಯ. ಒಂದು, ಸೋಮವಾರ ಲೈಬ್ರರಿ ಪುಸ್ತಕ ವಾಪಸ್ ಕಳಿಸಿ. ಎರಡು, ಬುಧವಾರ ಶಾಲೆ ಬೇಗ ಬಿಡುತ್ತದೆ, ಮಧ್ಯಾಹ್ನ ಬಸ್ ಹತ್ತಿರ ಯಾರಾದರೂ ಇರಿ. ಮೂರು, ಹಿಮ ಕರಗಿ ಕೆಸರಾಗಿದೆ, ಒಂದು ಜೊತೆ ಕಾಲುಚೀಲ ಜಾಸ್ತಿ ಇಡಿ. ಮೂರು ವಿಷಯ. ಪುಸ್ತಕ, ಬುಧವಾರ, ಕಾಲುಚೀಲ." ಒಂದು ನಿಮಿಷವೂ ಇರಲಿಲ್ಲ.

ಯಾಕೆ ಮೂರೇ ಅಂತ ಕೇಳಿದೆ. "ನಾಲ್ಕನೇದು ಹೇಳಿದ್ರೆ ಮೊದಲನೇದು ಮರೆತುಹೋಗತ್ತೆ ಕಣೇ. ಮಕ್ಕಳಿಗೂ ಅಷ್ಟೆ, ದೊಡ್ಡೋರಿಗೂ ಅಷ್ಟೆ." ಸೋಮವಾರ ಬೆಳಗ್ಗೆ ಬಸ್ಸಿನ ಹತ್ತಿರ ದಾವಣಗೆರೆಯ ಅಜ್ಜಿಯೊಬ್ಬರು ಮೊಮ್ಮಗನ ಚೀಲ ತೆರೆದು ಕಾಲುಚೀಲ ತೋರಿಸಿದರು. ಆಮೇಲೆ ಪ್ರತಿ ಶುಕ್ರವಾರ ಅವರು ಕಾಯುತ್ತಿದ್ದರು. ಸ್ವಲ್ಪ ತಡವಾದರೆ "ಮೇಡಮ್ಮ, ಸುದ್ದಿ ಬರಲಿಲ್ಲ" ಅಂತ ಅವರೇ ಕೇಳುತ್ತಿದ್ದರು.

ಮೇ ತಿಂಗಳಲ್ಲಿ ಅಮ್ಮ ಊರಿಗೆ ವಾಪಸ್ ಹೋದರು. ಈಗ ಮಗಳು ಒಂದನೇ ತರಗತಿ. ಮೊನ್ನೆ ಮತ್ತೆ ಮೊದಲ ಸ್ನೋ ಬಿತ್ತು. ಶುಕ್ರವಾರ ರಾತ್ರಿ ಎಂಟು ಗಂಟೆಗೆ ಫೋನ್ ಮಾಡಿದೆ. ತಿಪಟೂರಲ್ಲಿ ಅದು ಶನಿವಾರ ಬೆಳಗ್ಗೆ ಏಳೂವರೆ. ಅಮ್ಮ ಹಿತ್ತಿಲ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದರು.

"ಕಾಗದ ಬಂತಾ?" ಅಂದರು. ಬಂತು ಅಂದೆ. ಪ್ರಿನ್ಸಿಪಾಲರು ಏನು ಬರೆದಿದ್ದಾರೆ ಅಂದರೆ ಅಂತ ಶುರು ಮಾಡಿದೆ. ಅಮ್ಮ ತಡೆದರು. "ಅದು ಆಮೇಲೆ. ಸೋಮವಾರ ಮಗು ಏನು ತಗೊಂಡು ಹೋಗಬೇಕು?"

"ಸ್ನೋ ಪ್ಯಾಂಟ್, ಅಜ್ಜಿ!" ಹಿಂದಿನಿಂದ ಮಗಳು ಕೂಗಿದಳು. ನೀಲಿ ಪ್ಯಾಂಟ್ ಹಾಕಿಕೊಂಡೇ ನಿಂತಿದ್ದಳು. ಕ್ಯಾಮೆರಾವನ್ನು ಅವಳ ಕಾಲಿನ ಕಡೆ ತಿರುಗಿಸಿದೆ. "ಗಿಡ್ಡ ಆಗಿದೆ ನೋಡಿ."

"ಎಷ್ಟು?"

ಮಗಳು ಬಗ್ಗಿ ಅಳೆದಳು. "ನಾಲ್ಕು ಬೆರಳು."

"ಬೆಳೆದಿದೀಯ ಬಿಡು. ಹೊಸದು ತರ್ಸ್ಕೋ. ಅದನ್ನ ಒಗೆದು ಒಣಗಿಸಿ ಆ ನರ್ಸಮ್ಮನ ಬೀರುಗೆ ಕೊಟ್ಟು ಬಾ." ಆಮೇಲೆ ನನಗೆ, "ಒಳಗಡೆ ಪಟ್ಟಿ ಮೇಲೆ ಇವಳ ಹೆಸರು ಬರ್ದಿದ್ಯಲ್ಲ, ಹೊಡೆದುಹಾಕೋದು ಮರೀಬೇಡ."